ನೈಪಾಲ್ ಪುಸ್ತಕದ ಬಗ್ಗೆ ಒಂದು ಪುಟ ಬರೆಯಬೇಕು. ಅವರ ಅಭಿಪ್ರಾಯಗಳನ್ನು ಸೇರಿಸಬೇಕಾ, ಬಿಡಬೇಕಾ?

ಹಂಪಿ ದಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ಹೊಸಪೇಟೆಯಲ್ಲಿ ನಮ್ಮದೊಂದು ಚಿಕ್ಕ ಓದುಗರ ಬಳಗ ಇದೆ. ಹನ್ನೆರಡು ಹದಿಮೂರು ಜನ. ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಆ ತಿಂಗಳ ಪುಸ್ತಕದ ಬಗ್ಗೆ ಯಾರಾದರೂ ಒಬ್ಬರು ಒಂದು ಪುಟ ಬರೆದು, ಜೆರಾಕ್ಸ್ ಮಾಡಿಸಿ ಮೊದಲೇ ಹಂಚಬೇಕು. ಈ ಸಲ ನನ್ನ ಸರದಿ. ಪುಸ್ತಕ ವಿ.ಎಸ್. ನೈಪಾಲ್ ಅವರ 'ಇಂಡಿಯಾ: ಎ ವೂಂಡೆಡ್ ಸಿವಿಲೈಸೇಷನ್'. ತುರ್ತು ಪರಿಸ್ಥಿತಿಯ ಕಾಲದಲ್ಲಿ ಅವರು ಇಲ್ಲೆಲ್ಲ ಓಡಾಡಿ ಬರೆದದ್ದು, 1977ರಲ್ಲಿ ಬಂತು. ಆರಿಸಿದ್ದಕ್ಕೆ ಕಾರಣ ಇದೆ. ಮೊದಲ ಅಧ್ಯಾಯದಲ್ಲೇ ನಮ್ಮ ವಿಜಯನಗರದ ಹಾಳೂರು ಬರುತ್ತದೆ. ಅದೇ ಅಧ್ಯಾಯದಲ್ಲಿ ಮೈಸೂರಿನ ಆರ್.ಕೆ. ನಾರಾಯಣ್ ಬರುತ್ತಾರೆ. ಮುಂದೆ ಅನಂತಮೂರ್ತಿಯವರ 'ಸಂಸ್ಕಾರ'ದ ಬಗ್ಗೆ ಪುಟಗಟ್ಟಲೆ ಇದೆ. ನಮ್ಮ ಮನೆ ಅಂಗಳಕ್ಕೇ ಬಂದು ಬರೆದ ಪುಸ್ತಕ ಅನ್ನಿಸಿತು.

ನಾನು ಬರೆದ ಪುಟ ಹೀಗೆ ಶುರುವಾಗುತ್ತಿತ್ತು: 'ನೊಬೆಲ್ ಪಡೆದ ನೈಪಾಲ್ ಮುಸ್ಲಿಮರ ಬಗ್ಗೆ ಇಟ್ಟುಕೊಂಡಿದ್ದ ಅಭಿಪ್ರಾಯಗಳಿಂದ ವಿವಾದಕ್ಕೊಳಗಾದ ಲೇಖಕ. 2012ರಲ್ಲಿ ಗಿರೀಶ ಕಾರ್ನಾಡರು ಅವರನ್ನು ವೇದಿಕೆಯಲ್ಲೇ ಕಟುವಾಗಿ ಟೀಕಿಸಿದ್ದರು.'

ಬಳಗದ ಹಿರಿಯರೊಬ್ಬರು ನೋಡಿ, 'ಇದನ್ನ ತೆಗೀರಿ. ಪುಸ್ತಕದ ಬಗ್ಗೆ ಬರೀರಿ, ಮನುಷ್ಯನ ತಕರಾರು ನಮಗ್ಯಾಕೆ?' ಅಂದರು. ಸಂಜೆ ಇನ್ನೊಬ್ಬರು ಫೋನ್ ಮಾಡಿ, 'ಅದನ್ನ ತೆಗೆದರೆ ನಾನು ಬರಲ್ಲ, ನನ್ನ ಜನರ ಬಗ್ಗೆ ಬರೆದದ್ದನ್ನ ಮುಚ್ಚಿಟ್ಟು ಪುಸ್ತಕ ಹೊಗಳೋಕೆ ನಾನು ಯಾಕೆ ಕೂರಲಿ?' ಅಂದರು. ಇಬ್ಬರೂ ನನಗೆ ಬೇಕಾದವರು. ಎರಡು ರಾತ್ರಿ ನಿದ್ದೆ ಬಂದಿಲ್ಲ. ನೀವೇನು ಮಾಡುತ್ತಿದ್ದಿರಿ?

ಕಾಫಿತೋಟ

ತೆಗೆಯಿರಿ ಅನ್ನುತ್ತೇನೆ.

ನಾನು 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಓದಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. ನೈಪಾಲ್ ಯಾರು, ಏನು ಹೇಳಿದರು, ಒಂದೂ ಗೊತ್ತಿರಲಿಲ್ಲ. ಟ್ರಿನಿಡಾಡ್‌ನಲ್ಲಿ ಬೋರ್ಡು ಬರೆಯುವ ಒಬ್ಬ ಬಡಪಾಯಿ, ಹೆಂಡತಿಯ ಮನೆಯವರ ದೊಡ್ಡ ಕೂಡುಕುಟುಂಬದಲ್ಲಿ ಸಿಕ್ಕಿಬಿದ್ದು, ಸ್ವಂತದ್ದೊಂದು ಸೂರು ಬೇಕು ಅಂತ ಜೀವಮಾನವಿಡೀ ಒದ್ದಾಡುತ್ತಾನೆ. ಕೊನೆಗೆ ಸಾಲ ಮಾಡಿ ಒಂದು ಓರೆಕೋರೆ ಮನೆ ಕೊಳ್ಳುತ್ತಾನೆ.

ನಮ್ಮಪ್ಪ ಐವತ್ತೆಂಟನೇ ವಯಸ್ಸಿನವರೆಗೆ ಬಾಡಿಗೆ ಮನೆಯಲ್ಲಿದ್ದವರು. ಥರ್ಟಿ ಫಾರ್ಟಿ ಸೈಟಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶದ ರಾತ್ರಿ ನೆಂಟರೆಲ್ಲ ಮಲಗಿದ ಮೇಲೆ ಒಬ್ಬರೇ ಎದ್ದು, ಗೋಡೆಗೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಸುಣ್ಣ ಇನ್ನೂ ಹಸಿ ಇತ್ತು, ಬೆಳಿಗ್ಗೆ ನೋಡಿದರೆ ಕೈಯೆಲ್ಲ ಬಿಳಿ. ಆಗ ನನಗೆ ನಗು ಬಂದಿತ್ತು. ಬಿಸ್ವಾಸ್ ಓದಿದ ಮೇಲೆ ಅಪ್ಪ ಅರ್ಥವಾದರು. ಮೊದಲೇ ಯಾರಾದರೂ 'ಈ ಮನುಷ್ಯ ಹಾಗಂತೆ ಹೀಗಂತೆ' ಅಂತ ಕಿವಿಗೆ ಹಾಕಿದ್ದರೆ ನಾನು ಆ ಪುಸ್ತಕವನ್ನು ಕೈಯಲ್ಲೂ ಹಿಡಿಯುತ್ತಿರಲಿಲ್ಲ. ಅದಕ್ಕೇ ಹೇಳುತ್ತಿರುವುದು.

ಮಲಪ್ರಭೆ ದಂಡೆ

ಕಾಫಿತೋಟ ಅವರೇ, ನಿಮ್ಮಪ್ಪನ ಕೈ ಕಣ್ಣಿಗೆ ಕಟ್ಟಿತು. ಬಿಸ್ವಾಸ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಹಂಪಿ ದಾರಿ ಅವರ ಕೈಯಲ್ಲಿರುವುದು ಬಿಸ್ವಾಸ್ ಅಲ್ಲವಲ್ಲ. ಇದು ಕಾದಂಬರಿಯೇ ಅಲ್ಲ. ಒಂದು ದೇಶ ಯಾಕೆ ಹೀಗಿದೆ ಅಂತ ಲೇಖಕ ತನ್ನ ದನಿಯಲ್ಲೇ ವಾದ ಮಾಡುವ ಪುಸ್ತಕ. ಇಲ್ಲಿ ಅಭಿಪ್ರಾಯ ಬೇರೆ, ಕೃತಿ ಬೇರೆ ಅಂತ ಹೇಗೆ ಬಿಡಿಸುತ್ತೀರಿ? ಅಭಿಪ್ರಾಯವೇ ಕೃತಿ.

ಕಾರ್ನಾಡರು ಅವತ್ತು ಹೇಳಿದ್ದೂ ಇದನ್ನೇ. 2012ರ ನವೆಂಬರಿನಲ್ಲಿ ಮುಂಬೈಯ ಲಿಟರೇಚರ್ ಲೈವ್ ಹಬ್ಬ. ನೈಪಾಲ್‌ಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಿದ್ದರು. ಕಾರ್ನಾಡರಿಗೆ ರಂಗಭೂಮಿಯ ಬಗ್ಗೆ ಮಾತಾಡಲು ಕರೆ ಇತ್ತು. ಅವರು ಆ ಹೊತ್ತನ್ನೆಲ್ಲ ನೈಪಾಲ್ ಬಗ್ಗೆ ಮಾತಾಡಲು ಬಳಸಿಕೊಂಡರು. ಅವರ ಸಿಟ್ಟು ನೈಪಾಲ್ ಮೇಲೆ ಎಷ್ಟಿತ್ತೋ ಪ್ರಶಸ್ತಿ ಕೊಟ್ಟವರ ಮೇಲೂ ಅಷ್ಟೇ ಇತ್ತು. ಭಾರತದ ಮುಸ್ಲಿಮರ ಬಗ್ಗೆ ಇವರು ಬರೆದದ್ದು ಇಷ್ಟಿದೆ, ಸನ್ಮಾನ ಮಾಡುವಾಗ ಆ ವಿಷಯವನ್ನು ಒಬ್ಬರೂ ಎತ್ತಲಿಲ್ಲವಲ್ಲ ಅನ್ನೋದು ಅವರ ತಕರಾರು.

ಅವರು ಕೊಟ್ಟ ಉದಾಹರಣೆಯಲ್ಲಿ ವಿಜಯನಗರವೂ ಇತ್ತು. ನೈಪಾಲ್ ವಿಜಯನಗರದ ಕಥೆಯನ್ನು ರಾಬರ್ಟ್ ಸಿವೆಲ್ ಅವರ 1900ರ 'ಎ ಫರ್ಗಾಟನ್ ಎಂಪೈರ್' ಪುಸ್ತಕದಿಂದ ಹಾಗೇ ಎತ್ತಿಕೊಂಡಿದ್ದಾರೆ, ಆಮೇಲೆ ನಡೆದ ಸಂಶೋಧನೆಯ ಕಡೆ ತಿರುಗಿ ನೋಡಿಲ್ಲ ಅಂದರು. ಇದು ಚಾಡಿ ಮಾತು ಅಲ್ಲ, ಪುಟ ತೆರೆದು ಮಾಡಿದ ವಿಮರ್ಶೆ. ನೀವು ಅದನ್ನು ಬಿಟ್ಟರೆ ಪುಸ್ತಕದ ಬಗ್ಗೆಯೇ ಒಂದು ಮುಖ್ಯ ವಿಷಯ ಬಿಟ್ಟ ಹಾಗೆ ಆಗುತ್ತದೆ.

ಹಂಪಿ ದಾರಿ

ಮಲಪ್ರಭೆ ಅವರೇ, ನೀವು ಬರೆದದ್ದು ಓದಿ ಇವತ್ತು ಬೆಳಿಗ್ಗೆ ಸೈಕಲ್ ತಗೊಂಡು ಕಮಲಾಪುರದ ಕಡೆ ಹೋದೆ.

ಅಲ್ಲಿ ಅಹಮದ್ ಖಾನನ ಮಸೀದಿ ಅಂತ ಒಂದಿದೆ. ಪ್ರವಾಸಿಗರು ಅಲ್ಲಿ ಹೆಚ್ಚು ನಿಲ್ಲುವುದಿಲ್ಲ. ಎರಡನೇ ದೇವರಾಯನ ಸೈನ್ಯದಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ್ದು. ಗುಮ್ಮಟ ಇಲ್ಲ, ಮಿನಾರು ಇಲ್ಲ. ಗೊತ್ತಿಲ್ಲದವರು ನೋಡಿದರೆ ಯಾವುದೋ ದೇವಸ್ಥಾನದ ಮಂಟಪ ಅಂದುಕೊಳ್ಳುತ್ತಾರೆ. ಅದೇ ಕಂಬ, ಅದೇ ತೊಲೆ. ಶಾಸನ ಇರುವುದು ಕನ್ನಡದಲ್ಲಿ. ಅದರಲ್ಲಿ ಇದನ್ನು ಧರ್ಮಸಾಲೆ ಅಂತ ಕರೆದಿದೆ. ರಾಜನಿಗೆ ಪುಣ್ಯ ಬರಲಿ ಅಂತ ಕಟ್ಟಿಸಿದ್ದು.

ಕಂಬಕ್ಕೆ ಒರಗಿ ಕೂತು ನೈಪಾಲ್ ಬರೆದ ಆ ಪುಟಗಳನ್ನು ಮತ್ತೆ ಓದಿದೆ. ಹಿಂದೂ ರಾಜ್ಯ, ಮುಸ್ಲಿಮರ ದಾಳಿ, 1565ರ ನಾಶ, ಅದಾದ ಮೇಲೆ ಎದ್ದು ನಿಲ್ಲದ ಒಂದು ನಾಗರಿಕತೆ. ನಾನು ಕೂತ ಜಾಗಕ್ಕೆ ಆ ಕಥೆಯಲ್ಲಿ ಎಡೆಯೇ ಇಲ್ಲ. ನಾಶ ಆದದ್ದು ಸುಳ್ಳಲ್ಲ. ಉಗ್ರನರಸಿಂಹನ ಒಡೆದ ಕೈಗಳನ್ನು ನಾನು ಚಿಕ್ಕಂದಿನಿಂದ ನೋಡಿಕೊಂಡು ಬಂದವನು, ಈಗಲೂ ಅದರ ಮುಂದೆ ನಿಂತರೆ ಸಂಕಟ ಆಗುತ್ತದೆ. ಆದರೆ ಈ ಮಂಟಪವೂ ಇದೆಯಲ್ಲ.

ತುಂಗೆ ನೀರು

ನಾನು ಕಾರ್ನಾಡರ ನಾಟಕಗಳ ಅಭಿಮಾನಿ. ಆದರೂ ಒಂದು ಮಾತು. ಕರೆದದ್ದು ಒಂದಕ್ಕೆ, ಮಾತಾಡಿದ್ದು ಇನ್ನೊಂದು. ಎದುರಿಗೆ ನೈಪಾಲ್ ಇರಲಿಲ್ಲ. ಹಬ್ಬ ನಡೆಸಿದವರಿಗೂ ಬೇಸರವಾಯಿತು. ಅದೇ ನವೆಂಬರಿನಲ್ಲಿ ಕಾರ್ನಾಡರು ಟ್ಯಾಗೋರ್ ದೊಡ್ಡ ಕವಿ, ಆದರೆ ಎರಡನೇ ದರ್ಜೆಯ ನಾಟಕಕಾರ ಅಂತ ಹೇಳಿ ಇನ್ನೊಂದು ಗದ್ದಲವೂ ಆಯಿತು. 2018ರಲ್ಲಿ ಗೌರಿ ಲಂಕೇಶ್ ಅವರ ಮೊದಲ ವರ್ಷದ ಸ್ಮರಣೆಗೆ 'ನಾನೂ ನಗರ ನಕ್ಸಲ' ಅನ್ನೋ ಫಲಕ ಕೊರಳಿಗೆ ಹಾಕಿಕೊಂಡು ಬಂದರು. ಮೂಗಿನಲ್ಲಿ ಆಮ್ಲಜನಕದ ನಳಿಕೆ ಬೇರೆ.

ನಾಳೆ ನಾನು 'ಹಯವದನ'ದ ಬಗ್ಗೆ ಒಂದು ಪುಟ ಬರೆದರೆ ಇದನ್ನೆಲ್ಲ ಸೇರಿಸಬೇಕಾ? ನೈಪಾಲ್‌ಗೆ ಒಂದು ಅಳತೆ, ನಮ್ಮವರಿಗೆ ಒಂದು ಅಳತೆ ಆಗಬಾರದು.

ಮಲಪ್ರಭೆ ದಂಡೆ

'ಹಯವದನ'ಕ್ಕೆ ಬೇಡ. ಕುದುರೆ ತಲೆಯ ಮನುಷ್ಯನಿಗೂ ಆ ಫಲಕಕ್ಕೂ ಏನು ಸಂಬಂಧ? ಆದರೆ ಅವರ 'ರಾಕ್ಷಸ-ತಂಗಡಿ' ಬಗ್ಗೆ ಬರೆದರೆ ನೈಪಾಲ್ ಜಗಳ ಬರಲೇಬೇಕು. ಆ ನಾಟಕ 1565ರ ತಾಳಿಕೋಟೆ ಯುದ್ಧದ್ದೇ. ಆಗ ವಿಜಯನಗರವನ್ನು ನಡೆಸುತ್ತಿದ್ದ ಅಳಿಯ ರಾಮರಾಯ ಸುಲ್ತಾನರ ಜೊತೆ ನೆಂಟಸ್ತನ, ಜಗಳ, ಜಾಣತನ ಎಲ್ಲ ಮಾಡಿಕೊಂಡಿದ್ದ ಮನುಷ್ಯ. ಹಿಂದೊಮ್ಮೆ ಗೋಲ್ಕೊಂಡದ ಸುಲ್ತಾನನ ಕೈಕೆಳಗೆ ಕೆಲಸ ಮಾಡಿದ್ದವನು. ಬಿಜಾಪುರದ ಆದಿಲ್ ಶಾಹನನ್ನು ಮಗ ಅಂತ ಕರೆದವನು. ಎರಡು ಧರ್ಮಗಳ ಯುದ್ಧ ಅಂತ ಒಂದೇ ಗೆರೆ ಎಳೆದರೆ ಇದೆಲ್ಲ ಅಳಿಸಿಹೋಗುತ್ತದೆ. ಮುಂಬೈಯಲ್ಲಿ ಆಡಿದ ಮಾತಿಗೆ ಕಾರ್ನಾಡರು ಆರು ವರ್ಷದ ಮೇಲೆ ನಾಟಕದಲ್ಲಿ ಉತ್ತರ ಬರೆದರು ಅಂತಲೇ ನಾನು ಓದಿಕೊಂಡಿದ್ದೇನೆ. ಮುಂದಿನ ವರ್ಷ ತೀರಿಕೊಂಡರು.

ಅಳತೆ ಕೇಳಿದಿರಿ, ನನ್ನ ಅಳತೆ ಇಷ್ಟೇ. ಆ ಅಭಿಪ್ರಾಯ ಪುಟದಲ್ಲಿ ಇದೆಯಾ? ಇದ್ದರೆ ಪುಟ ತೋರಿಸಿ ಬರೆಯಿರಿ. ಇಲ್ಲದಿದ್ದರೆ ಅಂಟಿಸಬೇಡಿ.

ಡೆಸ್ಕ್ ನಿವೃತ್ತ

ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು ನಾನು. ಪತ್ರಿಕೆಯ ಹೆಸರು ಬೇಡ.

2014ರ ಆಗಸ್ಟ್ 22. ಅನಂತಮೂರ್ತಿಯವರು ಹೋದ ಸುದ್ದಿ ಬಂದಾಗ ಸಂಜೆಯಾಗಿತ್ತು. ನಮ್ಮ ಹತ್ತಿರ ಎರಡು ಗಂಟೆ ಟೈಮು. 'ಸಂಸ್ಕಾರ' ಬಂದದ್ದು 1965ರಲ್ಲಿ. ಅಲ್ಲಿಂದ ಲೆಕ್ಕ ಹಾಕಿದರೂ ಸುಮಾರು ಐವತ್ತು ವರ್ಷದ ಬರವಣಿಗೆ. ಡೆಸ್ಕಿನಲ್ಲಿ ಒಬ್ಬ ಹುಡುಗ ಬರೆದ ಇಂಟ್ರೊ, ಅಂದರೆ ಸುದ್ದಿಯ ಮೊದಲ ಪ್ಯಾರಾ, ಶುರುವಾಗಿದ್ದು ಹಿಂದಿನ ವರ್ಷದ ಒಂದು ಹೇಳಿಕೆಯಿಂದ. ಮೋದಿ ಪ್ರಧಾನಿಯಾದರೆ ಈ ದೇಶದಲ್ಲಿ ಬದುಕಲು ಇಷ್ಟವಿಲ್ಲ ಅಂದಿದ್ದರಲ್ಲ, ಅದು. ಆವೇಶದಲ್ಲಿ ಆಡಿದ ಮಾತು ಅಂತ ಆಮೇಲೆ ಅವರೇ ಹೇಳಿದ್ದರು. ಆ ಸಾಲು ಅವನ ಕಾಪಿಯಲ್ಲಿ ಇರಲಿಲ್ಲ. 'ಭಾರತೀಪುರ', 'ಅವಸ್ಥೆ', 'ಸೂರ್ಯನ ಕುದುರೆ' ಎಲ್ಲ ಕೊನೆಯ ಪ್ಯಾರಾದಲ್ಲಿ, ಜಾಗ ಕಡಿಮೆ ಬಿದ್ದರೆ ಕತ್ತರಿಸೋಕೆ ಅನುಕೂಲವಾಗೋ ಹಾಗೆ.

ನಾನು ತಿರುಗಿಸಿ ಬರೆಸಬೇಕಿತ್ತು. ಮೇಲಿನವರು 'ಓದೋ ಜನಕ್ಕೆ ಅದೇ ಬೇಕು, ಇರಲಿ ಬಿಡಿ' ಅಂದರು. ನಾನು ಪುಟ ಬಿಟ್ಟೆ. ಅದೇ ರಾತ್ರಿ ಕೆಲವು ಊರುಗಳಲ್ಲಿ ಅವರ ಸಾವಿಗೆ ಪಟಾಕಿ ಹೊಡೆದ ಸುದ್ದಿಯೂ ಬಂತು. ಪಟಾಕಿ ಹೊಡೆದವರ ಮನಸ್ಸಿನಲ್ಲೂ ನಮ್ಮ ಇಂಟ್ರೊದಲ್ಲೂ ಆ ಮನುಷ್ಯ ಅಂದರೆ ಒಂದೇ ಒಂದು ಹೇಳಿಕೆ. ಆ ಪುಟ ನನ್ನ ಕೈಯಿಂದ ಹೋಯಿತಲ್ಲ ಅಂತ ಇವತ್ತಿಗೂ ನೋವಿದೆ.

ಹಾಗಂತ ಆ ಹೇಳಿಕೆಯನ್ನು ಬಿಡಬೇಕಿತ್ತು ಅಂತ ನಾನು ಹೇಳುವುದಿಲ್ಲ. ಅವರ ಕೊನೆಯ ಪುಸ್ತಕ 'ಹಿಂದುತ್ವ ಅಥವಾ ಹಿಂದ್ ಸ್ವರಾಜ್'. ಸಾಯುವ ಮೊದಲು ಕೂತು ಬರೆದದ್ದು, ಸಾವರ್ಕರ್ ಮತ್ತು ಗಾಂಧಿಯನ್ನು ಎದುರಾಬದುರು ಇಟ್ಟುಕೊಂಡು. ಹೇಳಿಕೆಯ ಹಿಂದೆ ಇದ್ದ ಯೋಚನೆ ಪೂರ್ತಿ ಅಲ್ಲಿದೆ. ಆ ಪುಸ್ತಕದ ಬಗ್ಗೆ ಬರೆಯುವವರು ಹೇಳಿಕೆಯನ್ನೂ ಎತ್ತಿಕೊಳ್ಳಲಿ, ಅಲ್ಲಿ ಅದಕ್ಕೆ ಉತ್ತರ ಸಿಗುತ್ತದೆ.

ಹಂಪಿ ದಾರಿ ಅವರೇ, ನಿಮ್ಮ ಪುಟದಲ್ಲಿ ಇರುವ ವಿಷಯ ತಪ್ಪಲ್ಲ, ಇಟ್ಟ ಜಾಗ ತಪ್ಪು. ಮೊದಲ ಸಾಲಿನಲ್ಲಿ ಇಟ್ಟರೆ ಅದು ಹಣೆಪಟ್ಟಿ. ಹಂಪಿಯ ಪುಟಗಳ ಬಗ್ಗೆ ಬರೆಯುವ ಕಡೆ ಇಟ್ಟರೆ ಅದು ವಿಮರ್ಶೆ. ಇನ್ನೊಂದು: 'ವಿವಾದಕ್ಕೊಳಗಾದ' ಅನ್ನೋ ಪದ ಹೊಡೆದುಹಾಕಿ. ಏನು ಹೇಳಿದರು, ಎಲ್ಲಿ ಹೇಳಿದರು ಅಂತ ಬರೆಯಲು ಪುರುಸೊತ್ತಿಲ್ಲದಾಗ ನಾವು ಬಳಸುತ್ತಿದ್ದ ಪದ ಅದು.

ಹೊಸ ಓದುಗ

ಸರ್, ನಾನು ಬಿ.ಎ. ಓದುತ್ತಿದ್ದೇನೆ. ನಮ್ಮ ಕ್ಲಾಸಿನಲ್ಲಿ ಇದೇ ಆಯಿತು. 'ಸಂಸ್ಕಾರ' ಶುರು ಮಾಡುವ ದಿನ ಪಾಠ ಮಾಡುವವರು ಮೊದಲು ಹೇಳಿದ್ದೇ 'ಇವರು ದೇಶ ಬಿಟ್ಟು ಹೋಗ್ತೀನಿ ಅಂದವರು' ಅಂತ. ಅರ್ಧ ಕ್ಲಾಸು ಅಲ್ಲೇ ಪುಸ್ತಕ ಮುಚ್ಚಿತು. ನಾನೂ ಮುಚ್ಚಿದ್ದೆ. ಆರು ತಿಂಗಳಾದ ಮೇಲೆ ಬಸ್ಸಿನಲ್ಲಿ ಸುಮ್ನೆ ತೆರೆದೆ. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಬಿದ್ದಿದೆ, ಯಾರೂ ಊಟ ಮಾಡುವ ಹಾಗಿಲ್ಲ, ಎಲ್ಲರ ಹೊಟ್ಟೆ ಉರಿಯುತ್ತಿದೆ, ಆದರೆ ಯಾರು ಸಂಸ್ಕಾರ ಮಾಡಬೇಕು ಅಂತ ತೀರ್ಮಾನ ಆಗುತ್ತಿಲ್ಲ. ಇಳಿಯುವ ಸ್ಟಾಪು ದಾಟಿ ಹೋದದ್ದೇ ಗೊತ್ತಾಗಲಿಲ್ಲ.

ಶರಾವತಿ ಹಿನ್ನೀರು

ತಮ್ಮಾ, ಮುಂದಕ್ಕೂ ಓದು. ಚೆನ್ನಾಗಿ ಬರೆದಿದ್ದೀಯ.

ಈ ಚರ್ಚೆಯಲ್ಲಿ ಒಂದು ವಿಷಯ ಬಿಟ್ಟುಹೋಗುತ್ತಿದೆ. ನೈಪಾಲ್ ಹಿಂದೂಗಳನ್ನು ಹೊಗಳಿದರು, ಮುಸ್ಲಿಮರನ್ನು ಬೈದರು ಅನ್ನೋ ಹಾಗೆ ಮಾತಾಡುತ್ತಿದ್ದೇವೆ. ಈ ಪುಸ್ತಕದಲ್ಲಿ ಅಷ್ಟು ಸಲೀಸಾಗಿ ಇಲ್ಲ. 'ಸಂಸ್ಕಾರ'ದ ಬಗ್ಗೆ ಅವರು ಬರೆದದ್ದು ನೋಡಿ. ಅನಂತಮೂರ್ತಿಯವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಒಂದು ಬರ್ಬರ ನಾಗರಿಕತೆಯನ್ನೇ ತೋರಿಸಿದ್ದಾರೆ ಅನ್ನೋ ಅರ್ಥದ ಮಾತು ಅಲ್ಲಿದೆ. ಪ್ರಾಣೇಶಾಚಾರ್ಯರಂಥ ಪಂಡಿತನಿಗೆ ತನ್ನದು ಅನ್ನುವ ಒಂದು ಗಟ್ಟಿ 'ನಾನು' ಇಲ್ಲ, ಹಿಂದೂ ಮನಸ್ಸೇ ಹಾಗೆ ಅಂತ ವಾದ. ವಿಜಯನಗರದ ಬಗ್ಗೆಯೂ ಅದು ಹುಟ್ಟುವಾಗಲೇ ಹಳೆಯದನ್ನು ಕಾಪಾಡಿಕೊಳ್ಳುವುದರಲ್ಲೇ ಸೋತುಹೋಗಿತ್ತು ಅನ್ನೋ ದನಿ ಇದೆ. ಅಂದರೆ 'ಮುಸ್ಲಿಂ ವಿರೋಧಿ' ಅಂತ ಒಂದು ಪದ ಬರೆದು ಮುಗಿಸಿದರೆ, ಓದುಗರಿಗೆ ಅರ್ಧ ಪುಸ್ತಕ ಸಿಗುವುದಿಲ್ಲ.

ನಾನು ಅಗ್ರಹಾರದ ಮನೆಯಲ್ಲಿ ಬೆಳೆದವಳು. 'ಸಂಸ್ಕಾರ' ಓದಿ ನಮ್ಮಜ್ಜಿ ನಕ್ಕಿದ್ದರು. ಗರುಡಾಚಾರ್ಯ, ಲಕ್ಷ್ಮಣಾಚಾರ್ಯ ಬಂಗಾರಕ್ಕೆ ಕಿತ್ತಾಡುವುದು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು. ಆ ನಗು ನೈಪಾಲ್‌ಗೆ ಕೇಳಿಸಲಿಲ್ಲ. ಅವರು ಕಾದಂಬರಿಯನ್ನು ಒಂದು ಜನಾಂಗದ ರೋಗದ ರಿಪೋರ್ಟಿನ ಹಾಗೆ ಓದಿದರು. ಹಂಪಿಯ ಕಲ್ಲನ್ನೂ ಹಾಗೇ ಓದಿದರು. ಎರಡೂ ಕಡೆ ಒಂದೇ ಅಭ್ಯಾಸ: ತೀರ್ಪು ಮೊದಲು, ಸಾಕ್ಷಿ ಆಮೇಲೆ. 1970ರ 'ಸಂಸ್ಕಾರ' ಸಿನಿಮಾದಲ್ಲಿ ಪ್ರಾಣೇಶಾಚಾರ್ಯನ ಪಾತ್ರ ಮಾಡಿದ್ದು ಕಾರ್ನಾಡರೇ ಅಲ್ವಾ. ನೈಪಾಲ್ ಆ ಪಾತ್ರದ ಬಗ್ಗೆ ಬರೆದದ್ದನ್ನು ಅವರು ಹೇಗೆ ಓದಿಕೊಂಡಿರಬಹುದು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಎರಡನೇ ಪಾಳಿ

ಅಭಿಪ್ರಾಯ ಬಿಡಿ, ಮನೆಯೊಳಗೆ ನಡೆದದ್ದು? ಪ್ಯಾಟ್ರಿಕ್ ಫ್ರೆಂಚ್ ಬರೆದ ನೈಪಾಲ್ ಜೀವನಚರಿತ್ರೆ 2008ರಲ್ಲಿ ಬಂತು. ಹೆಂಡತಿ ಪ್ಯಾಟ್ ಜೊತೆ ಎಷ್ಟು ಕ್ರೂರವಾಗಿ ನಡೆದುಕೊಂಡರು ಅಂತ ಅದರಲ್ಲಿದೆ. ಬರೆಯಲು ಒಪ್ಪಿಗೆ ಕೊಟ್ಟಿದ್ದು ಸ್ವತಃ ನೈಪಾಲ್. ಪ್ಯಾಟ್ ಅವರ ಡೈರಿಗಳನ್ನು ನೋಡಲೂ ಬಿಟ್ಟರು.

ಇದು ಖಾಸಗಿ, ಬೇಡ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಹೆಂಗಸು ವರ್ಷಗಟ್ಟಲೆ ಅವರ ಹಸ್ತಪ್ರತಿ ಓದಿದವರು, ಸಲಹೆ ಕೊಟ್ಟವರು. 2011ರಲ್ಲಿ ಇದೇ ಮನುಷ್ಯ ಯಾವ ಲೇಖಕಿಯೂ ನನಗೆ ಸಮ ಇಲ್ಲ, ಜೇನ್ ಆಸ್ಟಿನ್ ಕೂಡ ಇಲ್ಲ ಅಂದರು. ನಾನು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಓದುವವಳು. ಅವರ ಪುಸ್ತಕ ಓದಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ, ನಾನೇ ಓದಿದ್ದೇನೆ. ಆದರೆ ಅವರ ಪುಸ್ತಕಗಳು ಹೇಗೆ ತಯಾರಾದವು ಅಂತ ಬರೆಯುವ ಕಡೆ ಪ್ಯಾಟ್ ಹೆಸರು ಇರಲೇಬೇಕು.

ಹೇಮಾವತಿ ನಾಲೆ

ನಮ್ಮೂರ ಕಡೆಯ ಭೈರಪ್ಪನವರನ್ನು ತರದೆ ಈ ಮಾತು ಮುಗಿಯುವುದಿಲ್ಲ. ಹೋದ ವರ್ಷ ಅಂದರೆ 2025ರ ಸೆಪ್ಟೆಂಬರ್ 24ರಂದು ಅವರು ತೀರಿಕೊಂಡರು. ಎರಡು ದಿನ ಎಲ್ಲ ಕಡೆ 'ಆವರಣ', 'ಆವರಣ', 'ಆವರಣ'. ಒಂದು ಕಡೆಯವರು ಅದಕ್ಕಾಗಿ ಹೊತ್ತು ಕುಣಿದರು, ಇನ್ನೊಂದು ಕಡೆಯವರು ಅದಕ್ಕಾಗಿ ಬೈದರು. 2007ರ ಆ ಕಾದಂಬರಿಯಲ್ಲಿ ಮುಸ್ಲಿಂ ಆಳ್ವಿಕೆಯ ಇತಿಹಾಸದ ಬಗ್ಗೆ ಅವರ ವಾದ ಎದ್ದು ಕಾಣುತ್ತದೆ. ಅದರ ಬಗ್ಗೆ ಬರೆಯುವವರು ಆ ವಾದಕ್ಕೆ ಮುಖ ಕೊಡಲೇಬೇಕು. ಮಲಪ್ರಭೆ ಅವರ ಅಳತೆ ಅಲ್ಲಿ ಸರಿ ಹೋಗುತ್ತದೆ.

ಆದರೆ ನನಗೆ ಅವರು ಅಂದರೆ 'ಗೃಹಭಂಗ'. ಕೈಲಾಗದ ಗಂಡನ ಬದಲು ತಾನೇ ಕೂತು ಶಾನುಭೋಗಿಕೆಯ ಲೆಕ್ಕ ಬರೆಯುವ ನಂಜಮ್ಮ. ಬೈಗುಳ ಬಿಟ್ಟು ಬೇರೆ ಮಾತೇ ಬಾರದ ಅತ್ತೆ ಗಂಗಮ್ಮ. ಪ್ಲೇಗು ಬಂದು ಬೆಳೆದ ಮಕ್ಕಳನ್ನು ತಗೊಂಡು ಹೋಗುತ್ತದೆ. ಚನ್ನರಾಯಪಟ್ಟಣದ ಆ ಸೀಮೆಯಲ್ಲಿ ಭೈರಪ್ಪನವರು ತಮ್ಮ ತಾಯಿಯನ್ನು, ಒಡಹುಟ್ಟಿದವರನ್ನು ಪ್ಲೇಗಿಗೆ ಕೊಟ್ಟವರು. ನಮ್ಮಮ್ಮ ಆ ಪುಸ್ತಕ ಓದಿ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರ ಮುಂದೆ ಹೋಗಿ 'ಅಮ್ಮಾ, ಈ ಲೇಖಕರ ನಿಲುವು ಏನು ಗೊತ್ತಾ?' ಅಂತ ಕೇಳಲು ನನಗೆ ಬಾಯಿ ಬರುವುದಿಲ್ಲ.

ಕಾಫಿತೋಟ

ಹೇಮಾವತಿ ಅವರೇ, ನಾನು ಹೇಳಲು ಹೊರಟದ್ದು ಇದನ್ನೇ.

ಮಲಪ್ರಭೆ ಅವರ ಮಾತನ್ನೂ ಎರಡು ದಿನ ಯೋಚಿಸಿದೆ. ಹಂಪಿ ದಾರಿ ಅವರಿಗೆ ಫೋನ್ ಮಾಡಿದ ಆ ಸ್ನೇಹಿತರ ಜಾಗದಲ್ಲಿ ನಿಂತು ಆ ಪುಟಗಳನ್ನು ಓದಿ ನೋಡಿದೆ. ಬಿಸ್ವಾಸ್‌ನಲ್ಲಿ ನಾನು ಒಳಗಿದ್ದೆ. ಇಲ್ಲಿ ಅವರನ್ನು ಹೊರಗೆ ನಿಲ್ಲಿಸಿದ್ದಾರೆ. 'ತೆಗೆಯಿರಿ' ಅಂದದ್ದನ್ನು ವಾಪಸ್ ತಗೊಳ್ಳುತ್ತೇನೆ. ಮೊದಲ ಸಾಲಿನಲ್ಲಿ ಮಾತ್ರ ಬೇಡ.

ಹಂಪಿ ದಾರಿ

ಎಲ್ಲರಿಗೂ ಕೈ ಮುಗಿದೆ. ಪುಟ ಹೊಸದಾಗಿ ಬರೆದೆ. ಮೊದಲ ಪ್ಯಾರಾದಲ್ಲಿ ಟ್ರಿನಿಡಾಡ್‌ನಲ್ಲಿ ಹುಟ್ಟಿದ ಒಬ್ಬ ಹುಡುಗ ತನ್ನ ಹಿರಿಯರ ದೇಶ ನೋಡಲು ಬಂದದ್ದು, ಇಲ್ಲಿ ಕಂಡದ್ದಕ್ಕೆ ಬೆಚ್ಚಿದ್ದು. ಎರಡನೆಯದರಲ್ಲಿ ನಾರಾಯಣ್ ಮತ್ತು 'ಸಂಸ್ಕಾರ', ಶರಾವತಿ ಮೇಡಂ ಅವರ ಅಜ್ಜಿಯ ನಗುವಿನ ಸಮೇತ (ಬಳಸಬಹುದು ಅಲ್ವಾ ಮೇಡಂ?). ಮೂರನೆಯದು ಹೀಗಿದೆ:

'ವಿಜಯನಗರದ ಬಗ್ಗೆ ನೈಪಾಲ್ ಬರೆದ ಪುಟಗಳನ್ನು ನಿಧಾನವಾಗಿ ಓದಿ. 1565ರ ನಾಶವನ್ನು ಅವರು ಹಿಂದೂ ನಾಗರಿಕತೆಗೆ ಮುಸ್ಲಿಂ ದಾಳಿ ಮಾಡಿದ ಗಾಯ ಎಂದು ಓದುತ್ತಾರೆ. ಈ ಓದು ಹಳೆಯ ಒಂದೇ ಪುಸ್ತಕವನ್ನು ನಂಬಿದ್ದು, ಇದರಿಂದ ಭಾರತದ ಮುಸ್ಲಿಮರಿಗೆ ಅನ್ಯಾಯವಾಗಿದೆ ಎಂದು 2012ರಲ್ಲಿ ಗಿರೀಶ ಕಾರ್ನಾಡರು ಆಕ್ಷೇಪ ಎತ್ತಿದರು. ನಮ್ಮ ಊರಿನಿಂದ ಅರ್ಧ ಗಂಟೆ ದೂರದಲ್ಲಿ ಉಗ್ರನರಸಿಂಹನೂ ಇದ್ದಾನೆ, 1439ರಲ್ಲಿ ಅಹಮದ್ ಖಾನ್ ಕಟ್ಟಿಸಿದ ಧರ್ಮಸಾಲೆಯೂ ಇದೆ. ಎರಡನ್ನೂ ನೋಡಿ ಬಂದು ಮಾತಾಡೋಣ.'

ಹಿರಿಯರಿಗೆ ಕಳಿಸಿದೆ. 'ಕಾರ್ನಾಡರ ಸಾಲು ನನಗೆ ಇನ್ನೂ ಇಷ್ಟ ಇಲ್ಲ, ಆದರೆ ಇರಲಿ, ಅಲ್ಲೇ ಕೂತು ಜಗಳ ಆಡ್ತೀನಿ' ಅಂದರು. ಫೋನ್ ಮಾಡಿದ್ದ ಸ್ನೇಹಿತರು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ 'ಆ ಮಸೀದಿಯ ಶಾಸನ ನಾನೂ ನೋಡಿಲ್ಲ, ಓದೋಕೆ ಯಾರಾದ್ರೂ ಬರ್ತಾರಾ?' ಅಂತ ಕೇಳಿದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಕಮಲಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಸೇರುತ್ತೇವೆ. ಹತ್ತು ಗಂಟೆಗೆ ಬಿಸಿಲು ತಡೆಯೋಕಾಗಲ್ಲ, ನೀರಿನ ಬಾಟಲಿ, ಟೋಪಿ ಇರಲಿ. ಹಳಗನ್ನಡದ ಲಿಪಿ ಓದಲು ಬರುವವರು ಇಲ್ಲಿ ಯಾರಾದರೂ ಇದ್ದೀರಾ?

ಡೆಸ್ಕ್ ನಿವೃತ್ತ

ಲಿಪಿ ಸ್ವಲ್ಪ ಬರುತ್ತದೆ. ಶನಿವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದೆ.